ನೂರ ನಲವತ್ತಮೂರು ಪುಸ್ತಕಗಳನ್ನು ಒಂದೇ ಮಾತಿಗೆ ತರುವ ಪುಟದಕ್ಕ

ಬೆಳಗಿನ ಐದು ಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಲಿಫ್ಟ್ ಮೆಕ್ಯಾನಿಕ್‌ಗಳ ಸಂಘದ ಬಿಡಿಭಾಗಗಳ ಮಳಿಗೆಯ ಶಟರ್ ಸೊಂಟದೆತ್ತರಕ್ಕೆ ಎದ್ದಿದೆ. ಬಗ್ಗಿ ಒಳಹೊಕ್ಕರೆ ಗ್ರೀಸಿನ ವಾಸನೆ, ಗೋಡೆಯುದ್ದಕ್ಕೂ ತಂತಿಹಗ್ಗದ ಸುರುಳಿಗಳು, ಬಾಗಿಲ ಉರುಳೆಗಳನ್ನು ತುಂಬಿಟ್ಟ ಡಬ್ಬಗಳು. ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತ ಮಹಿಳೆ ತಮ್ಮ ಫೋನನ್ನು ತಗಡಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ಬಾಗಿಲ ಕಡೆ ನೋಡುತ್ತಾರೆ. ಯಾರೋ ಬರುತ್ತಿದ್ದಾರೆಂದು ಹೆಜ್ಜೆ ಸದ್ದಿಗಿಂತ ಮೊದಲು ಫೋನು ಹೇಳುತ್ತದೆ: ಟಿಂಗ್.

"ಏಳು ನಿಮಿಷ ಬಂದ್ರು," ಎನ್ನುತ್ತಾರೆ. ಶಟರಿನಡಿ ಬಗ್ಗಿ ಬಂದವರು ಐವತ್ತು ದಾಟಿದ ಮೆಕ್ಯಾನಿಕ್. ಅವರ ಅಡ್ಡಹೆಸರೇ 'ಏಳು ನಿಮಿಷ'. ಯಾಕೆಂಬುದು ಮುಂದೆ ಬರುತ್ತದೆ. ಅವರ ಹಿಂದೆಯೇ ಶಟರಿಗೆ ತಲೆ ಬಡಿಸಿಕೊಂಡು ಬಂದವರು ಉದ್ದಣ್ಣ. ಮತ್ತೊಂದು ಟಿಂಗ್. ಮೂರು ಫೋನುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮುಗಿಸುವಷ್ಟರಲ್ಲಿ ಮಹಿಳೆಯ ಫೋನಿನ ಪರದೆಯಲ್ಲಿ ಒಂದು ಕೆಂಪು ಚುಕ್ಕಿ ಮೂಡಿರುತ್ತದೆ.

"ನೂರಾ ಮೂರನೇ ಪುಟ ಸೀಳಿದೆ. ಬಟ್ಟೆ ಮಾರುಕಟ್ಟೆ ಲಿಫ್ಟು. ಬಾಗಿಲು ಮುಚ್ಚದೇ ಇದ್ರೆ ಕೆಳಗಿನ ಹಳಿ ಒರೆಸಿ ಅಂತ ಇವರು ಬರ್ದಿದಾರೆ. ಮೇಲಿನ ಉರುಳೆ ಬದಲಿಸಿ ಅಂತ ಇವರು. ಯಾರದ್ದು ಇಟ್ಕೊಳ್ಲಿ?"

"ನಂದೇ ಸರಿ ಅಕ್ಕ. ಉರುಳೆ ಸವೆದು ತಟ್ಟೆ ಆಗಿದೆ," ಎಂದು ಉದ್ದಣ್ಣ.

"ತಟ್ಟೆ ಅಂತೆ! ನಾನು ನೀರು ಒರೆಸಿದೆ, ಮುಚ್ಚಿತು. ನೀನು ಮೇಲೆ ನೋಡ್ತೀಯ, ಯಾಕಂದ್ರೆ ನಿನ್ನ ತಲೆ ಅಲ್ಲೇ ಇರತ್ತೆ," ಎಂದು ಏಳು ನಿಮಿಷ.

"ಜಗಳ ಆಮೇಲೆ. ಇಬ್ರೂ ನೋಡಿದ್ದು ಒಂದೇ ಬಾಗಿಲಾ?"

ವಿಚಾರಿಸಿದರೆ ಒಬ್ಬರು ನೋಡಿದ್ದು ನೆಲಮಾಳಿಗೆಯ ಬಾಗಿಲು, ಅಲ್ಲಿ ಬೆಳಿಗ್ಗೆ ನೆಲ ತೊಳೆದ ನೀರು ಹಳಿಗಿಳಿಯುತ್ತದೆ. ಇನ್ನೊಬ್ಬರು ನೋಡಿದ್ದು ನಾಲ್ಕನೆಯ ಮಹಡಿಯದು. ಮಹಿಳೆ ಎರಡನ್ನೂ ಎರಡು ಸಾಲಾಗಿ ಬರೆಯುತ್ತಾರೆ, ಪ್ರತಿ ಸಾಲಿಗೂ ಮಹಡಿ ಸೇರಿಸುತ್ತಾರೆ, ಗಟ್ಟಿಯಾಗಿ ಒಮ್ಮೆ ಓದಿ ಹೇಳುತ್ತಾರೆ. ಕೆಂಪು ಚುಕ್ಕಿ ಆರುತ್ತದೆ. ಗಂಟೆ ಆರು ಕೂಡ ಆಗಿಲ್ಲ. ದಿನದ ಮೊದಲ ವ್ಯಾಜ್ಯ ತೀರ್ಮಾನವಾಗಿದೆ.

ಇವರನ್ನು ಎಲ್ಲರೂ ಕರೆಯುವುದು ಪುಟದಕ್ಕ ಎಂದು. ವಯಸ್ಸು ನಲವತ್ತೇಳು. ಸಂಘದ ಪಟ್ಟಿಯಲ್ಲಿ ಹುದ್ದೆ 'ಮಳಿಗೆ ಸಹಾಯಕಿ'. ಬೋಲ್ಟು, ಉರುಳೆ, ಫ್ಯೂಸು ಕೊಡುವುದು ಆ ಹುದ್ದೆಯ ಕೆಲಸ. ಅದರ ಜೊತೆಗೆ ಯಾವ ಪಟ್ಟಿಯಲ್ಲೂ ಇಲ್ಲದ ಇನ್ನೊಂದು ಕೆಲಸವನ್ನು ಆರು ವರ್ಷಗಳಿಂದ ಮಾಡುತ್ತಿದ್ದಾರೆ. ಊರಿನ ನೂರ ನಲವತ್ತಮೂರು ಲಿಫ್ಟ್ ಮೆಕ್ಯಾನಿಕ್‌ಗಳ ಫೋನುಗಳಲ್ಲಿರುವ ಒಂದೇ ಕೈಪಿಡಿಯ ನೂರ ನಲವತ್ತಮೂರು ಪ್ರತಿಗಳು ಒಂದಕ್ಕೊಂದು ಎದುರು ಮಾತಾಡದಂತೆ ನೋಡಿಕೊಳ್ಳುವುದೇ ಆ ಕೆಲಸ.

ಕೈಪಿಡಿಯನ್ನು ಇವರೆಲ್ಲ 'ಪುಸ್ತಕ' ಎನ್ನುತ್ತಾರೆ. ಊರಿನ ಒಂದೊಂದು ಹಳೆಯ ಲಿಫ್ಟಿಗೂ ಅದರಲ್ಲಿ ಒಂದೊಂದು ಪುಟ: ಅದರ ಚಾಳಿ, ಅದರ ರೋಗ, ಅದಕ್ಕೆ ಯಾರು ಏನು ಮದ್ದು ಮಾಡಿದರು. ಮೊದಲು ಪುಸ್ತಕ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಇತ್ತು. ಆದರೆ ಲಿಫ್ಟಿನ ಗುಂಡಿಯಲ್ಲೋ ತಾರಸಿಯ ಯಂತ್ರದ ಕೋಣೆಯಲ್ಲೋ ನಿಂತವರಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಒಂದು ದಿನ ಕಚೇರಿಯ ಮೇಲಿನ ನೀರಿನ ಕೊಳವೆ ಒಡೆದು ಕಂಪ್ಯೂಟರೇ ಸ್ನಾನ ಮಾಡಿತು. ಆಮೇಲೆ ಒಬ್ಬ ಇಂಜಿನಿಯರ್ ಬೇರೆ ಏರ್ಪಾಡು ಮಾಡಿಕೊಟ್ಟರು. ಈಗ ಪುಸ್ತಕಕ್ಕೆ ಮೂಲ ಪ್ರತಿ ಎಂಬುದೇ ಇಲ್ಲ. ಪ್ರತಿಯೊಬ್ಬರ ಫೋನಿನಲ್ಲೂ ಪೂರ್ತಿ ಪುಸ್ತಕ ಇದೆ. ಇಬ್ಬರು ಮೆಕ್ಯಾನಿಕ್‌ಗಳು ಮೂವತ್ತು ಮೀಟರ್ ಸಮೀಪ ಬಂದರೆ ಸಾಕು, ಅವರ ಫೋನುಗಳು ನೇರವಾಗಿ ಕೊಡುಕೊಳ್ಳುವಿಕೆ ನಡೆಸಿ, ಒಂದರಲ್ಲಿ ಇರುವ ಹೊಸದನ್ನು ಇನ್ನೊಂದಕ್ಕೆ ದಾಟಿಸುತ್ತವೆ.

"ನನ್ನ ಫೋನಲ್ಲಿ ಇರೋದೂ ಒಂದು ಪ್ರತಿ ಅಷ್ಟೇ. ನನಗೇನೂ ಕೊಂಬಿಲ್ಲ," ಎನ್ನುತ್ತಾರೆ ಪುಟದಕ್ಕ. "ಎಲ್ಲರೂ ಒಂದಲ್ಲ ಒಂದು ದಿನ ಬೋಲ್ಟಿಗೆ ಇಲ್ಲಿಗೆ ಬರ್ಲೇಬೇಕಲ್ಲ. ಹಾಗಾಗಿ ಸುದ್ದಿ ಇಲ್ಲಿ ಬೇಗ ಸೇರತ್ತೆ. ಬಾವಿಕಟ್ಟೆ ಇದ್ದ ಹಾಗೆ."

ಲೆಕ್ಕ ಅವರ ನಾಲಿಗೆಯ ತುದಿಯಲ್ಲಿದೆ. ತೆಗೆದವನ್ನು ಬಿಟ್ಟು ಪುಟಗಳು ಆರುನೂರ ಹನ್ನೊಂದು. ದಿನಕ್ಕೆ ಸರಾಸರಿ ಮೂವತ್ತೇಳು ತಿದ್ದುಪಡಿ. ಅದರಲ್ಲಿ ಐದಾರು 'ಸೀಳು': ಇಬ್ಬರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ, ಒಂದೇ ಪುಟವನ್ನು ತಿದ್ದಿರುತ್ತಾರೆ. ನಾಲ್ಕನ್ನು ಫೋನಿನಲ್ಲಿ ಕೇಳಿ ಬಗೆಹರಿಸುತ್ತಾರೆ. ಉಳಿದವು ಕೌಂಟರಿನ ಮುಂದೆ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ.

ಈ ಕೆಲಸಕ್ಕೆ ಅವರು ಬಂದದ್ದು ಮುದ್ರಣಾಲಯದಿಂದ. ಹದಿನಾರು ವರ್ಷ ಕರಡು ತಿದ್ದುವ ಕೋಣೆಯಲ್ಲಿದ್ದರು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುತ್ತ ತಪ್ಪು ಹಿಡಿಯುವುದು. ಪುಟದಕ್ಕ ಓದುವವರು. ಅಲ್ಪವಿರಾಮಕ್ಕೆ ಒಮ್ಮೆ ಮೇಜು ಕುಟ್ಟುವುದು, ಪೂರ್ಣವಿರಾಮಕ್ಕೆ ಎರಡು ಸಲ. ಮುದ್ರಣಾಲಯ ಮುಚ್ಚಿದಾಗ ಮಳಿಗೆಯಲ್ಲಿ ಕೆಲಸ ಸಿಕ್ಕಿತು. ಮೊದಲ ವಾರವೇ ಪುಸ್ತಕದಲ್ಲಿ ಎಂಬತ್ತು ತಪ್ಪು ಹಿಡಿದರು. ಎಂಟನೆಯ ದಿನ ಕಾರ್ಯದರ್ಶಿ ಕೈಮುಗಿದು, ಇದನ್ನೂ ನೀವೇ ನೋಡಿಕೊಳ್ಳಿ ತಾಯಿ, ಎಂದರಂತೆ. ಈಗಲೂ ಪುಟ ಓದುವಾಗ ಅವರ ಬೆರಳು ಮೇಜು ಕುಟ್ಟುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಅಷ್ಟೇನೂ ಮರ್ಯಾದೆ ಇಲ್ಲ. ಗಂಡ ಶಾಲಾ ಬಸ್ಸಿನ ಚಾಲಕರು. ಎಪ್ಪತ್ತಾರರ ಅತ್ತೆಯ ಬಾಯಿಗೆ ಬೀಗವಿಲ್ಲ. ಮನೆ ಇರುವುದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. "ಊರಿನ ಲಿಫ್ಟೆಲ್ಲ ಇವಳ ಕೈಲಿದೆಯಂತೆ," ಎನ್ನುತ್ತಾರೆ ಅತ್ತೆ, ಮೆಟ್ಟಿಲ ಮೇಲೆ ಉಸಿರು ಬಿಡುತ್ತ. "ನನ್ನ ಮೊಣಕಾಲು ಮಾತ್ರ ಯಾವ ಪುಟದಲ್ಲೂ ಇಲ್ಲ."

ಏಳು ನಿಮಿಷದ ಕತೆ ಮೊದಲ ವರ್ಷದ್ದು. ಆಗ ಪುಸ್ತಕದ ನಿಯಮ ಸರಳವಾಗಿತ್ತು. ಇಬ್ಬರು ಬರೆದಿದ್ದರೆ ಯಾರದು ಆಮೇಲಿನದೋ ಅದು ಉಳಿಯುತ್ತದೆ, ಮೊದಲಿನದು ಹೋಗುತ್ತದೆ. ವಿಚಿತ್ರವೆಂದರೆ ಒಬ್ಬ ಮೆಕ್ಯಾನಿಕ್‌ನ ಮಾತು ಎಂದೂ ಸೋಲುತ್ತಿರಲಿಲ್ಲ. ಅವರು ಬರೆದ ಕೂಡಲೇ ಬೇರೆಯವರು ತಿದ್ದಿದರೂ ತಿದ್ದಿದ್ದು ಮಾಯ. ಉದ್ದಣ್ಣ ಒಂದೇ ಸಾಲನ್ನು ಐದು ಸಲ ಬರೆದು, ಪುಸ್ತಕಕ್ಕೇ ತಮ್ಮನ್ನು ಕಂಡರಾಗದು ಎಂದು ಮುನಿಸಿಕೊಂಡಿದ್ದರು.

"ಒಂದು ದಿನ ಅವರು ಇಲ್ಲೇ ನಿಂತು ಬರೆದ್ರು," ಎಂದು ಪುಟದಕ್ಕ ನೆನೆಯುತ್ತಾರೆ. "ನನ್ನ ಪರದೇಲಿ ಆರು ಹನ್ನೆರಡು ಅಂತ ಬಂತು. ಗೋಡೆ ಗಡಿಯಾರ ನೋಡಿದ್ರೆ ಆರು ಐದು. ಅಲ್ಲ ಅಣ್ಣ, ಇನ್ನೂ ಆಗದೇ ಇರೋ ಹೊತ್ತಲ್ಲಿ ಹೇಗೆ ಬರೆದ್ರಿ ಅಂದೆ. ಕೆಲಸಕ್ಕೆ ತಡ ಆಗಬಾರದು ಅಂತ ಅವರು ಫೋನಿನ ಟೈಮು ಏಳು ನಿಮಿಷ ಮುಂದೆ ಇಟ್ಕೊಂಡಿದ್ರು! ಹಾಗಾಗಿ ಇವರು ಬರೆದದ್ದೇ ಯಾವಾಗ್ಲೂ ಕಡೇದು."

ಸುದ್ದಿ ತಿಳಿದ ಅವರ ಹೆಂಡತಿ ಮಳಿಗೆಗೇ ಬಂದು ಮನವಿ ಮಾಡಿಕೊಂಡರಂತೆ: "ಮನೇಲಿ ಒಂದು ದಿನಾನೂ ಕೊನೇ ಮಾತು ಇವರದ್ದಾಗ್ಲಿಲ್ಲ. ಪುಸ್ತಕದಲ್ಲಾದ್ರೂ ಆಗ್ಲಿ, ಬಿಟ್ಬಿಡಿ."

ಬಿಡಲಾಗಲಿಲ್ಲ. ಗಡಿಯಾರವನ್ನು ನಂಬುವುದೇ ಬೇಡವೆಂದು ಇಂಜಿನಿಯರಿಗೆ ಹೇಳಿ ನಿಯಮ ಬದಲಾಯಿಸಿದರು. ಈಗ ಪ್ರತಿ ಪುಟಕ್ಕೂ ಒಂದು 'ಬಾಲ' ಇದೆ. ಯಾರು ಎಷ್ಟು ಸಲ ತಿದ್ದಿದರು ಎಂಬ ಎಣಿಕೆ ಅದು. ನಿಮ್ಮ ಪುಟದ ಬಾಲದಲ್ಲಿ ನನ್ನ ಎಣಿಕೆಯೂ ಸೇರಿದ್ದರೆ, ನೀವು ನನ್ನದನ್ನು ನೋಡಿಯೇ ಬರೆದಿದ್ದೀರಿ, ನಿಮ್ಮದು ಉಳಿಯುತ್ತದೆ. ಇಬ್ಬರ ಬಾಲದಲ್ಲೂ ಇನ್ನೊಬ್ಬರಿಲ್ಲದಿದ್ದರೆ ಸೀಳು. ಆಗ ಎರಡೂ ಹಾಗೇ ನಿಂತು, ಮನುಷ್ಯರೊಬ್ಬರು ಬಂದು ನೋಡಲಿ ಎಂದು ಕಾಯುತ್ತವೆ. "ಯಾವಾಗ ಬರೆದೆ ಅನ್ನೋದಲ್ಲ, ಏನು ನೋಡಿ ಬರೆದೆ ಅನ್ನೋದು ಮುಖ್ಯ," ಎನ್ನುತ್ತಾರೆ. ಏಳು ನಿಮಿಷ ಮಾತ್ರ ತಮ್ಮ ಗಡಿಯಾರ ತಿದ್ದಿಕೊಂಡಿಲ್ಲ.

ಈಗ ನಾಲ್ಕು ತಿಂಗಳ ಹಿಂದಿನ ಮಾತು. ಇದನ್ನು ಹೇಳುವಾಗ ಪುಟದಕ್ಕ ಸ್ಟೂಲಿನಿಂದ ಇಳಿದು ನಿಲ್ಲುತ್ತಾರೆ.

ಕಣ್ಣಾಸ್ಪತ್ರೆಯ ಹಳೆಯ ಲಿಫ್ಟು ಮೂರನೆಯ ಮಹಡಿಯಲ್ಲಿ ನೆಲಕ್ಕೆ ಸಮನಾಗಿ ನಿಲ್ಲುವುದನ್ನು ಬಿಟ್ಟಿತು. ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತು. ಶಸ್ತ್ರಚಿಕಿತ್ಸೆ ನಡೆಯುವುದು ಅದೇ ಮಹಡಿಯಲ್ಲಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರಿಗೆ ನಾಲ್ಕು ಬೆರಳೆಂದರೆ ಬೆಟ್ಟ. ಒಬ್ಬ ವೃದ್ಧರು ಎಡವಿದರು. ಪೆಟ್ಟಾಗಲಿಲ್ಲ, ಆದರೆ ಆಸ್ಪತ್ರೆ ಲಿಫ್ಟಿಗೆ ಬೀಗ ಹಾಕಿತು. ಒಂಬತ್ತು ದಿನ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತರು. ಸೋಮವಾರದೊಳಗೆ ಸರಿಯಾಗದಿದ್ದರೆ ಹೊಸ ಲಿಫ್ಟು ಬರುವ ತನಕ, ಅಂದರೆ ಎಂಟು ತಿಂಗಳು, ಶಸ್ತ್ರಚಿಕಿತ್ಸೆ ಬಂದ್ ಎಂದು ಆಸ್ಪತ್ರೆ ಹೇಳಿತು. ಕಾಯುವವರ ಪಟ್ಟಿಯಲ್ಲಿ ಪುಟದಕ್ಕನ ಅತ್ತೆಯೂ ಇದ್ದರು. ಒಂದು ಕಣ್ಣಿಗೆ ಪೊರೆ ಪೂರ್ತಿ ಮುಚ್ಚಿತ್ತು, ಇನ್ನೊಂದಕ್ಕೆ ಮುಕ್ಕಾಲು.

ಆ ಲಿಫ್ಟು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ. ಅದನ್ನು ಹೊಂದಿಸುವ ಅಳತೆಗಳು ಇದ್ದದ್ದು ಪುಸ್ತಕದಲ್ಲಿ ಮಾತ್ರ. ಮೆಕ್ಯಾನಿಕ್‌ಗಳು ಹುಡುಕಿದರು. 'ಆಸ್ಪತ್ರೆ ಹಳೆ ಲಿಫ್ಟ್' ಎಂದು ಎಂಬತ್ತೆಂಟನೆಯ ಪುಟ ಸಿಕ್ಕಿತು. ಅದರಂತೆ ಹೊಂದಿಸಿದರೆ ಲಿಫ್ಟು ಆರು ಬೆರಳು ಮೇಲೆ ನಿಂತಿತು.

"ಆಗ ನಾನು ತೆಗೆದ ಪುಟ ನೆನಪಾಯ್ತು," ಎನ್ನುತ್ತಾರೆ. ಅದಕ್ಕೂ ಹನ್ನೊಂದು ತಿಂಗಳ ಹಿಂದೆ ಪುಸ್ತಕದಲ್ಲಿ ಒಂದೇ ತಲೆಬರಹದ ಎರಡು ಪುಟ ಇದ್ದವು: ಎಂಬತ್ತೆಂಟು ಮತ್ತು ಇನ್ನೂರ ಹನ್ನೆರಡು. ಎರಡೂ 'ಆಸ್ಪತ್ರೆ ಹಳೆ ಲಿಫ್ಟ್'. ಒಂದೇ ಕಂಪನಿ, ಒಂದೇ ವರ್ಷ, ಮೊದಲ ಐದು ಸಾಲು ಅಕ್ಷರ ಅಕ್ಷರ ಒಂದೇ. ಒಂದನ್ನೇ ಎರಡು ಸಲ ಬರೆದಿದ್ದಾರೆಂದು ಪುಟದಕ್ಕ ಎರಡನೆಯದನ್ನು ತೆಗೆದರು. ಅದು ಎರಡು ಸಲ ಬರೆದದ್ದಾಗಿರಲಿಲ್ಲ. ಉಳಿದದ್ದು ಮಕ್ಕಳ ಆಸ್ಪತ್ರೆಯದು, ತೆಗೆದದ್ದು ಕಣ್ಣಾಸ್ಪತ್ರೆಯದು. "ಬೇರೆಯವರಿಗೆಲ್ಲ ಕೇಳ್ತೀನಿ, ಇಬ್ರೂ ನೋಡಿದ್ದು ಒಂದೇ ಬಾಗಿಲಾ ಅಂತ. ಅವತ್ತು ನನಗೆ ನಾನೇ ಕೇಳ್ಕೊಳ್ಲಿಲ್ಲ."

ಪುಟ ತೆಗೆಯುವುದೆಂದರೆ ಸುಮ್ಮನೆ ಅಳಿಸುವುದಲ್ಲ. ಅಳಿಸಿದರೆ, ಹಳೆಯ ಪ್ರತಿ ಇಟ್ಟುಕೊಂಡ ಯಾರೋ ಹತ್ತಿರ ಬಂದಾಗ ಅದು ಹೊಸ ಪುಟವೆಂಬಂತೆ ಮತ್ತೆ ಎದ್ದು ಬರುತ್ತದೆ. ಅದಕ್ಕೇ ಪುಟದ ಜಾಗದಲ್ಲಿ 'ತೆಗೆಯಲಾಗಿದೆ' ಎಂಬ ಗುರುತು ನಿಲ್ಲಿಸುತ್ತಾರೆ. ಗುರುತು ಫೋನಿನಿಂದ ಫೋನಿಗೆ ನಡೆದು ಎಲ್ಲ ಕಡೆಯ ಪುಟವನ್ನೂ ಅಳಿಸುತ್ತ ಹೋಗುತ್ತದೆ. ಹನ್ನೊಂದು ತಿಂಗಳಲ್ಲಿ ಅದು ನೂರ ನಲವತ್ತಮೂರು ಫೋನುಗಳನ್ನೂ ಮುಟ್ಟಿತ್ತು. ಕೆಲಸ ಅಷ್ಟು ಅಚ್ಚುಕಟ್ಟಾಗಿ ಆಗಿತ್ತು.

ಉಳಿದದ್ದು ಒಂದೇ ದಾರಿ: ಗುರುತು ಮುಟ್ಟದ ಫೋನು, ಅಂದರೆ ಸಂಘ ಬಿಟ್ಟುಹೋದವರ ಫೋನು. ಹದಿನಾಲ್ಕು ಜನ. ಶನಿವಾರ ಇಡೀ ದಿನ ಪುಟದಕ್ಕ ಒಬ್ಬೊಬ್ಬರಿಗೂ ಕರೆ ಮಾಡಿದರು. ಏಳು ಜನ ಮಾರಿಬಿಟ್ಟಿದ್ದರು. ಮೂವರು ಎಲ್ಲ ಅಳಿಸಿ ಮೊಮ್ಮಕ್ಕಳಿಗೆ ಕೊಟ್ಟಿದ್ದರು. ಇಬ್ಬರದು ಲಿಫ್ಟಿನ ಗುಂಡಿಗೆ ಬಿದ್ದು ಸತ್ತಿತ್ತು. ಒಬ್ಬರದು ಕಳುವಾಗಿತ್ತು. ಹದಿನಾಲ್ಕನೆಯವರು ಎಣ್ಣೆ ಮಾವ.

ಎಣ್ಣೆ ಮಾವ ಮೂವತ್ತೆಂಟು ವರ್ಷ ಲಿಫ್ಟು ರಿಪೇರಿ ಮಾಡಿ ಹತ್ತೊಂಬತ್ತು ತಿಂಗಳ ಹಿಂದೆ ನಿವೃತ್ತರಾದವರು. ಯಾವ ತೊಂದರೆ ಹೇಳಿದರೂ "ಮೊದಲು ಎಣ್ಣೆ ಹಾಕು" ಎನ್ನುತ್ತಿದ್ದುದರಿಂದ ಆ ಹೆಸರು. ಮೊಣಕಾಲಿನ ಚಿಕಿತ್ಸೆಯಾದ ಮೇಲೆ ಮಗಳ ಮನೆಯಲ್ಲಿದ್ದಾರೆ. ಇನ್ನೂರ ಹನ್ನೆರಡನೆಯ ಪುಟ ಬರೆದವರೂ ಅವರೇ.

"ಅಳತೆ ನೆನಪಿದೆಯಾ ಮಾವ?" ಎಂದು ಆ ಮಗಳ ಫೋನಿಗೆ ಕರೆ ಮಾಡಿ ಪುಟದಕ್ಕ ಕೇಳಿದರು.

"ಕೈಗೆ ಗೊತ್ತು ಕಣಮ್ಮ, ಬಾಯಿಗೆ ಗೊತ್ತಿಲ್ಲ. ಆ ಯಂತ್ರದ ಕೋಣೆಗೆ ನೂರ ಹನ್ನೆರಡು ಮೆಟ್ಟಿಲು. ಈ ಕಾಲು ಹತ್ತಲ್ಲ. ನಿವೃತ್ತನಾದಾಗ ಆರಿಸಿಟ್ಟ ಫೋನು ಬಿಸ್ಕತ್ತಿನ ಡಬ್ಬದಲ್ಲಿದೆ. ಕಳಿಸಲಾ?"

"ಅಯ್ಯೋ, ಬೇಡಿ! ಮುಟ್ಟಬೇಡಿ! ಆನ್ ಮಾಡಲೇಬೇಡಿ!"

ಹೆದರಿಕೆಗೆ ಕಾರಣವಿತ್ತು. ಆ ಫೋನಿನಲ್ಲಿ ಪುಟ ಇದ್ದದ್ದು ಗುರುತು ಇನ್ನೂ ಮುಟ್ಟಿಲ್ಲವೆಂಬ ಕಾರಣಕ್ಕೆ. ಸಂಘದ ಯಾವ ಫೋನು ಮೂವತ್ತು ಮೀಟರ್ ಹತ್ತಿರ ಬಂದರೂ ಗುರುತು ದಾಟುತ್ತದೆ, ಪುಟ ಹೋಗುತ್ತದೆ. ಪುಸ್ತಕ ತೆರೆದರೆ ಕೊಡುಕೊಳ್ಳುವಿಕೆ ತಾನಾಗಿ ಶುರುವಾಗುತ್ತದೆ, ನಿಲ್ಲಿಸಲು ಗುಂಡಿಯಿಲ್ಲ. ಹಿಂದೆ ಇತ್ತು. ಮೆಕ್ಯಾನಿಕ್‌ಗಳು ನಿಲ್ಲಿಸಿ ಮತ್ತೆ ಹಚ್ಚುವುದನ್ನು ಮರೆಯುತ್ತಾರೆಂದು ಅದನ್ನು ತೆಗೆಸಿದವರು ಪುಟದಕ್ಕನೇ.

ಭಾನುವಾರ ಬೆಳಿಗ್ಗೆ ಅವರು ತಮ್ಮ ಫೋನನ್ನು ಗಂಡನ ಕೈಗೆ ಕೊಟ್ಟು, ನೂರು ಹಾಳೆಯ ನೋಟ್‌ಬುಕ್ಕು, ಎರಡು ಪೆನ್ನು ಹಿಡಿದು ಬಸ್ಸು ಹತ್ತಿದರು. "ಮದುವೆಯಾಗಿ ಹತ್ತೊಂಬತ್ತು ವರ್ಷ," ಎನ್ನುತ್ತಾರೆ ಗಂಡ. "ಫೋನು ನನ್ನ ಕೈಗೆ ಕೊಟ್ಟಿದ್ದು ಅವತ್ತೇ ಮೊದಲು. ನಾನು ಗಾಬರಿಯಾಗಿ, ತವರಿಗೆ ಹೋಗ್ತಿದೀಯಾ ಅಂತ ಕೇಳಿಬಿಟ್ಟೆ."

ಇನ್ನೊಂದು ಅಪಾಯವೂ ಇತ್ತು. ಭಾನುವಾರ ಎಣ್ಣೆ ಮಾವನ ಮನೆಯಲ್ಲಿ ಇಸ್ಪೀಟಿನ ಆಟ. ಏಳು ನಿಮಿಷ, ಉದ್ದಣ್ಣ, ಇಬ್ಬರೂ ಹಾಜರು. ಫೋನು ಬಿಟ್ಟು ಬನ್ನಿ ಎನ್ನುವಂತಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಕರೆ ಬರುವುದು ಅವರಿಗೇ. ಹಿಂದಿನ ದಿನವೇ ಪುಟದಕ್ಕ ಏಳು ನಿಮಿಷಕ್ಕೆ ಕಟ್ಟುನಿಟ್ಟಾಗಿ ಹೇಳಿದ್ದರು: "ಹತ್ತು ಗಂಟೆಗೆ ಮುಂಚೆ ಆ ಬೀದಿಗೆ ಕಾಲಿಡಬೇಡಿ. ಉದ್ದಣ್ಣಂಗೂ ಹೇಳಿ."

ಎಣ್ಣೆ ಮಾವನ ಮನೆ ಎರಡನೆಯ ಮಹಡಿ, ಬೀದಿಗೆ ಬಾಲ್ಕನಿ. ಒಂಬತ್ತೂಕಾಲಿಗೆ ಬಿಸ್ಕತ್ತಿನ ಡಬ್ಬ ತೆರೆಯಿತು. ಫೋನಿನ ಬ್ಯಾಟರಿ ಉಬ್ಬಿತ್ತು. ತಂತಿ ಸಿಕ್ಕಿಸಿಟ್ಟರೆ ಮಾತ್ರ ಜೀವ. ಪರದೆಯ ಹಿಂದಿನ ದೀಪ ಸತ್ತಿತ್ತು; ಅಕ್ಷರಗಳು ಕಾಣುವುದು ಟಾರ್ಚನ್ನು ಓರೆಯಾಗಿ ಹಿಡಿದರಷ್ಟೆ. ಮಗಳ ಫೋನಿನಲ್ಲಿ ಚಿತ್ರ ತೆಗೆದು ನೋಡಿದರು. ಮಗಳದು ಸಂಘದ ಫೋನಲ್ಲ, ಅದರಿಂದ ಭಯವಿರಲಿಲ್ಲ. ಬಂದದ್ದು ಟಾರ್ಚಿನ ಹೊಳಪು ಮಾತ್ರ.

ಕೊನೆಗೆ ಮುದ್ರಣಾಲಯದ ಪದ್ಧತಿಯೇ ಕೈಹಿಡಿಯಿತು. ಮಗಳು ಟಾರ್ಚು ಹಿಡಿದರು. ಎಣ್ಣೆ ಮಾವ ಓದಿದರು. ಪುಟದಕ್ಕ ಬರೆದರು, ಬರೆದದ್ದನ್ನು ತಿರುಗಿ ಓದಿದರು. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ, ದಶಮಾಂಶಕ್ಕೆ ಮೇಜು ಕುಟ್ಟಿ. ಒಟ್ಟು ಹದಿನಾಲ್ಕು ಹಂತ. ಬ್ರೇಕಿನ ಸಂದು, ಮಹಡಿಯ ಸ್ವಿಚ್ಚಿನ ದೂರ, ಯಾವ ರಿಲೇ ಮೊದಲು ಯಾವುದು ಆಮೇಲೆ.

"ಸೊನ್ನೆ, ಚುಕ್ಕಿ, ನಾಲ್ಕು, ಐದು," ಎಂದು ಎಣ್ಣೆ ಮಾವ.

"ಸೊನ್ನೆ, ಚುಕ್ಕಿ, ನಾಲ್ಕು, ಐದು. ಮಿಲಿಮೀಟರಾ ಮಾವ?"

"ಮತ್ತೇನು, ಮೈಲಿಯಾ?"

ಹದಿಮೂರನೆಯ ಹಂತ ಬರೆದು ತಿರುಗಿ ಓದುತ್ತಿದ್ದಾಗ ಬೀದಿಯಿಂದ ನಗು ಕೇಳಿಸಿತು. ಮಗಳು ಟಾರ್ಚು ಹಿಡಿದುಕೊಂಡೇ ಬಾಲ್ಕನಿಗೆ ಓಡಿದರು. ಕೆಳಗೆ ಏಳು ನಿಮಿಷ, ಪಕ್ಕದಲ್ಲಿ ಉದ್ದಣ್ಣ. ಒಳಗೆ ಗೋಡೆ ಗಡಿಯಾರದಲ್ಲಿ ಒಂಬತ್ತು ಐವತ್ತಮೂರು.

"ಹತ್ತು ಗಂಟೆಗೆ ಬನ್ನಿ ಅಂದಿದ್ರಲ್ಲ!" ಎಂದು ಮಗಳು ಕೂಗಿದರು.

"ಹತ್ತಾಯ್ತಲ್ಲಮ್ಮ!" ಎಂದು ಏಳು ನಿಮಿಷ ಫೋನೆತ್ತಿ ತೋರಿಸಿದರು.

"ಹಿಂದೆ ಹೋಗಿ! ಇಬ್ರೂ ಹಿಂದೆ ಹೋಗಿ! ಓಡಿ!"

ಓಡಿದರು. ಏಳು ನಿಮಿಷ ಅಷ್ಟು ಜೋರಾಗಿ ಓಡಿದ್ದನ್ನು ಆ ಬೀದಿ ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಚಪ್ಪಲಿ ಒಂದು ಅಲ್ಲೇ ಉಳಿಯಿತು. ಮಗಳು ಟಾರ್ಚಿನೊಂದಿಗೆ ಒಳಬಂದಾಗ ಪರದೆಯ ಮೇಲೆ ಇದ್ದದ್ದು ಒಂದೇ ಸಾಲು: ಈ ಪುಟ ತೆಗೆಯಲಾಗಿದೆ. "ಅದರ ಕೆಳಗೆ ತೆಗೆದವರ ಹೆಸರು. ನನ್ನದೇ," ಎನ್ನುತ್ತಾರೆ ಪುಟದಕ್ಕ. "ಗಡಿಯಾರದ ವಿಷಯ ಕಂಡುಹಿಡಿದವಳೂ ನಾನೇ, ಅವತ್ತು ಮರೆತವಳೂ ನಾನೇ. ಪೆನ್ನು ಕೈಯಲ್ಲೇ ಇತ್ತು. ಕಣ್ಣಲ್ಲಿ ನೀರು ಬಂತು."

ಹದಿಮೂರು ಹಂತ ಕಾಗದದಲ್ಲಿ ಸುರಕ್ಷಿತವಾಗಿದ್ದವು. ಹದಿನಾಲ್ಕನೆಯದು ಗಾಳಿಗೆ ಹೋಗಿತ್ತು. ಆಮೇಲೆ ಎಣ್ಣೆ ಮಾವನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆಂದು ಮಗಳು ಭುಜ ಹಿಡಿದರೆ, ನಗುತ್ತಿದ್ದಾರೆ.

"ಯಾಕಮ್ಮ ಅಳ್ತೀಯ? ನಾನು ಬರೆದ ಯಾವ ಪುಟದಲ್ಲಾದ್ರೂ ಕೊನೇ ಸಾಲು ಬೇರೆ ಇರತ್ತಾ? ಬರ್ಕೋ. ಹದಿನಾಲ್ಕು. ಎಣ್ಣೆ ಹಾಕು."

ಪುಟದಕ್ಕ ಬರೆದುಕೊಂಡರು. ಕರಡು ತಿದ್ದಿದ ಕೈ ಸುಮ್ಮನಿರಲಿಲ್ಲ. ಪಕ್ಕದಲ್ಲೇ ಆವರಣದಲ್ಲಿ 'ನೋಡಿ ಬರೆದದ್ದಲ್ಲ, ಬಾಯಿಮಾತು' ಎಂದು ಸೇರಿಸಿದರು. ಆ ಟಿಪ್ಪಣಿ ಇಂದಿಗೂ ಪುಸ್ತಕದಲ್ಲಿದೆ.

ಅಂದು ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ಕಣ್ಣಾಸ್ಪತ್ರೆಯ ನೂರ ಹನ್ನೆರಡು ಮೆಟ್ಟಿಲು ಹತ್ತಿದವರು ಏಳು ನಿಮಿಷ. ಬೇರೆ ಯಾರಿಗೂ ಬಿಡಲಿಲ್ಲ. ಪುಟದಕ್ಕ ಮಳಿಗೆ ತೆರೆದು, ಗಂಡನಿಂದ ಫೋನು ಇಸಿದುಕೊಂಡು ಕಾದು ಕೂತರು. ಸಂಜೆಗೆ ಕರೆ ಬಂತು.

"ಅಕ್ಕ, ನಿಂತಿತು. ಮೂರನೇ ಮಹಡಿ. ನೆಲಕ್ಕೆ ಉಗುರಿನಷ್ಟೂ ವ್ಯತ್ಯಾಸ ಇಲ್ಲ."

"ಹದಿನಾಲ್ಕನೇದು ಮಾಡಿದ್ರಾ?"

"ಎಣ್ಣೆ ಹಾಕಿದ ಮೇಲೇ ಕಿರುಗುಟ್ಟೋದು ನಿಂತಿದ್ದು."

"ಸರಿ, ಪುಟದಲ್ಲಿ ಬರೀಬೇಕು. ಗಂಟೆ ಎಷ್ಟು ಈಗ?"

"ನಿಮ್ಮದೋ, ನಂದೋ?"

ಒಮ್ಮೆ ಗುರುತು ಬಿದ್ದ ಸಂಖ್ಯೆಗೆ ಮತ್ತೆ ಜೀವ ಬರುವಂತಿಲ್ಲ. ಹಾಗಾಗಿ ಇನ್ನೂರ ಹನ್ನೆರಡು ಖಾಲಿಯಾಗಿಯೇ ಉಳಿದಿದೆ. ಅಳತೆಗಳು ಆರುನೂರ ನಲವತ್ತನೆಯ ಪುಟವಾಗಿ ಹೊಸದಾಗಿ ಹುಟ್ಟಿವೆ. ತಲೆಬರಹ ಈಗ 'ಕಣ್ಣಾಸ್ಪತ್ರೆ, ಪೂರ್ವದ ಮೆಟ್ಟಿಲ ಪಕ್ಕದ ಹಳೆ ಲಿಫ್ಟ್'. ಆ ಭಾನುವಾರದ ನಂತರ ಪುಟದಕ್ಕ ಎರಡು ನಿಯಮ ತಂದಿದ್ದಾರೆ. ಒಂದು, ತಲೆಬರಹದಲ್ಲಿ ಕಟ್ಟಡ ಯಾವುದು, ಕಟ್ಟಡದ ಯಾವ ಮೂಲೆ ಎಂದು ಇರಲೇಬೇಕು. ಇನ್ನೊಂದು, ಪುಟವಾಗಲಿ ಸಾಲಾಗಲಿ ತೆಗೆಯಬೇಕಾದರೆ ಮೂರು ಜನರ 'ಹೂಂ' ಬೇಕು. ಪುಟದಕ್ಕ ಒಬ್ಬರ ಮಾತು ಸಾಲದು. ಇದನ್ನು ಸಭೆಯಲ್ಲಿ ಅವರೇ ಮಂಡಿಸಿದರು, ತಪ್ಪು ಯಾರದೆಂದೂ ಅವರೇ ಹೇಳಿದರು. "ಅರ್ಧ ಜನಕ್ಕೆ ಅದು ಗೊತ್ತೇ ಇರ್ಲಿಲ್ಲ. ಸುಮ್ಮನೆ ಇದ್ದಿದ್ರೆ ಆಗ್ತಿತ್ತು ಅಂತ ನಮ್ಮವರು ಬೈದ್ರು. ಆದ್ರೆ ಪುಸ್ತಕದಲ್ಲಿ ನನ್ನ ಹೆಸರು ಇದೆಯಲ್ಲ. ಯಾರಾದ್ರೂ ಓದ್ತಾರೆ ಒಂದಿನ."

ಎಣ್ಣೆ ಮಾವನಿಗೆ ಸಂಘ ಹೊಸ ಬ್ಯಾಟರಿ ಕೊಡಲು ಹೋಯಿತು. ಅವರು ಒಪ್ಪಲಿಲ್ಲ. ಫೋನು ಡಬ್ಬದಲ್ಲಿ ಹಾಗೇ ಇರಲಿ, ನಾಳೆ ಇವಳು ಇನ್ನೊಂದು ಪುಟ ಕಳೆದರೆ ಬೇಕಾಗುತ್ತದೆ ಎಂದರಂತೆ. ಅದು ಇನ್ನು ಕೆಲಸಕ್ಕೆ ಬಾರದು, ಬೀದಿಯಲ್ಲಿ ಆ ಇಬ್ಬರನ್ನು ಕಂಡ ಗಳಿಗೆಯಲ್ಲೇ ಎಲ್ಲ ಹೊಸದನ್ನೂ ನುಂಗಿಕೊಂಡಿದೆ ಎಂದು ಪುಟದಕ್ಕ ಎಷ್ಟು ವಿವರಿಸಿದರೂ ಕೇಳಿಲ್ಲ.

ಹೊರಗೆ ಬೆಳಕು ಹರಿದಿದೆ. ಶಟರ್ ಈಗ ಪೂರ್ತಿ ಮೇಲಿದೆ. ಟಿಂಗ್, ಟಿಂಗ್ ಎಂದು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಒಬ್ಬರಿಗೆ ಫ್ಯೂಸು, ಇನ್ನೊಬ್ಬರಿಗೆ ಉರುಳೆ. ಕೈ ಅದನ್ನು ಕೊಡುತ್ತಿರುವಾಗ ಕಣ್ಣು ಪರದೆಯ ಮೇಲೆ. ಅತ್ತೆಯ ಚಿಕಿತ್ಸೆ ಏನಾಯಿತೆಂದು ಕೇಳಿದರೆ ಪುಟದಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ಆದದ್ದು ಕಳೆದ ತಿಂಗಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಹೋದ ಅತ್ತೆಯನ್ನು ಮರುದಿನ ವೈದ್ಯರಿಗೆ ತೋರಿಸಲು ಅದೇ ಲಿಫ್ಟಿನಲ್ಲಿ ಕರೆದೊಯ್ದರು. ಆರುನೂರ ಹನ್ನೊಂದು ಲಿಫ್ಟುಗಳ ಗುಟ್ಟು ಬಲ್ಲ ಪುಟದಕ್ಕ ಆ ಲಿಫ್ಟಿನೊಳಗೆ ಕಾಲಿಟ್ಟದ್ದು ಆಗಷ್ಟೇ ಎರಡನೆಯ ದಿನ. ಬಾಗಿಲು ಮುಚ್ಚಿತು, ತೆರೆಯಿತು. ಅತ್ತೆ ಅಲ್ಲಾಡಲಿಲ್ಲ.

"ನಡೀರಿ ಅತ್ತೆ."

"ಎಲ್ಲಿಗೆ ನಡೀಲಿ? ಮೊದಲು ಮೇಲೆ ಹೋಗ್ಲಿ, ಆಮೇಲೆ ನಡೀತೀನಿ. ಎಷ್ಟು ಹೊತ್ತಾಯ್ತು, ಇನ್ನೂ ಹೊರಡ್ಲಿಲ್ಲ ನಿನ್ನ ಲಿಫ್ಟು!"

"ಮೂರನೇ ಮಹಡಿ ಬಂತು ಅತ್ತೆ."

ಅತ್ತೆ ಒಂದು ಕಾಲು ಹೊರಗಿಟ್ಟು, ಚಪ್ಪಲಿಯಲ್ಲಿ ನೆಲ ತಡವಿದರು. ಲಿಫ್ಟು ಎಲ್ಲಿ ಮುಗಿಯಿತು, ಮಹಡಿ ಎಲ್ಲಿ ಶುರುವಾಯಿತು ಎಂದು ಸಿಗಲಿಲ್ಲ. ಬೈಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಸೊಸೆಯ ಕೈ ಹಿಡಿದು ನಡೆದರು.

ಅಂದು ಮಳಿಗೆಗೆ ಬಂದ ಪುಟದಕ್ಕ ಆರು ವರ್ಷದಲ್ಲಿ ಮೊದಲ ಬಾರಿಗೆ ಪುಸ್ತಕದಲ್ಲಿ ತಮ್ಮದೇ ಒಂದು ಸಾಲು ಬರೆದರು. ಅದುವರೆಗೂ ಬೇರೆಯವರ ಸಾಲುಗಳನ್ನು ಜೋಡಿಸಿ, ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದರೇ ಹೊರತು ತಾವಾಗಿ ಒಂದು ಸಾಲೂ ಬರೆದಿರಲಿಲ್ಲ. ಆರುನೂರ ನಲವತ್ತನೆಯ ಪುಟ, ಎಣ್ಣೆಯ ಸಾಲಿನ ಕೆಳಗೆ: 'ಅತ್ತೆಗೆ ನಿಂತದ್ದೇ ಗೊತ್ತಾಗಲಿಲ್ಲ.'

"ಬೆಳಿಗ್ಗೆ ಎದ್ದು ನೋಡಿದ್ರೆ ನಾಚಿಕೆ ಆಯ್ತು," ಎನ್ನುತ್ತಾರೆ ಪುಟದಕ್ಕ, ಕೌಂಟರಿನ ಮೇಲಿನ ಧೂಳನ್ನು ಅಂಗೈಯಿಂದ ಸವರುತ್ತ. "ಅದೇನು ರಿಪೇರಿ ವಿಷಯಾನಾ? ಪುಸ್ತಕದಲ್ಲಿ ಇರಬಾರದು ಅದು. ತೆಗೀತೀನಿ, ಹೂಂ ಅನ್ನಿ ಅಂತ ಎಲ್ಲರಿಗೂ ಕಳಿಸಿದೆ. ಮೂರೇ ಮೂರು ಹೂಂ ಸಾಕಲ್ಲ." ಪರದೆಯ ಕಡೆ ಒಮ್ಮೆ ನೋಡುತ್ತಾರೆ. "ಒಂದು ತಿಂಗಳಾಯ್ತು. ನೂರ ನಲವತ್ತಮೂರು ಜನದಲ್ಲಿ ಒಬ್ರೂ ಅಂದಿಲ್ಲ."